ಕನ್ನಡದ ಮೊದಲ ನಿಘಂಟು ಬರೆದವರು ಕಿಟೆಲ್ ಅವರೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಯಲಹಂಕದಿಂದ ಮೆಜೆಸ್ಟಿಕ್ ಕಡೆಗೆ ಹೊರಟ ಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತಿರ ನಿಂತಿತೆಂದರೆ ಹೊತ್ತು ಕಳೆಯಲು ಏನಾದರೂ ಬೇಕು. ಈಗ ಅನೇಕರ ಕೈಯಲ್ಲಿರುವುದು ಇಂಗ್ಲಿಷ್ ಪದಗಳ ಆಟ. ಐದಕ್ಷರದ ಪದ ಹುಡುಕುವವರಿದ್ದಾರೆ, ಸ್ಕ್ರ್ಯಾಬಲ್ ಆಡುವವರಿದ್ದಾರೆ. ನಮ್ಮ ರಾಗಿ ಕೂಡ ಸ್ಕ್ರ್ಯಾಬಲ್ ಪದಪಟ್ಟಿಯಲ್ಲಿದೆ, ಬರೀ 5 ಅಂಕ! ಆಟದ ನಡುವೆ ಪದದ ಅರ್ಥದ ಬಗ್ಗೆ ಜಗಳ ಬಂದರೆ ಗ್ರೂಪಿನಲ್ಲಿ ಒಂದಲ್ಲ ಒಂದು ಹೊತ್ತಿಗೆ ಕಿಟೆಲ್ ಹೆಸರು ಬಂದೇ ಬರುತ್ತದೆ. ಜೊತೆಗೆ, ಕನ್ನಡಕ್ಕೆ ಮೊಟ್ಟಮೊದಲ ನಿಘಂಟು ಕೊಟ್ಟವರು ಜರ್ಮನಿಯ ಈ ಪಾದ್ರಿ ಎಂಬ ಮಾತೂ ಬರುತ್ತದೆ.

ಇದು ನಿಜವೇ? ಅಲ್ಲ. ಕನ್ನಡದಲ್ಲಿ ಪದಕೋಶದ ಪರಂಪರೆ ಸಾವಿರ ವರ್ಷಕ್ಕೂ ಹಳೆಯದು, ರನ್ನಕಂದದಿಂದಲೇ ಅದು ನಮಗೆ ಗೊತ್ತಿದೆ. ಕನ್ನಡ-ಇಂಗ್ಲಿಷ್ ನಿಘಂಟನ್ನೂ ಮೊದಲು ತಂದವರು ಕಿಟೆಲ್ ಅಲ್ಲ, ವಿಲಿಯಂ ರೀವ್. ಅದು ಮದ್ರಾಸಿನಲ್ಲಿ ಅಚ್ಚಾದದ್ದು 1832ರಲ್ಲಿ. ಕಿಟೆಲ್ ಹುಟ್ಟಿದ್ದೇ ಆ ವರ್ಷ! ಮುಂದೆ ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. ಹಾಗಾದರೆ ಕಿಟೆಲ್ ಅವರಿಗೆ ಇಷ್ಟು ದೊಡ್ಡ ಹೆಸರು ಬಂದದ್ದು ಹೇಗೆ?

ಫರ್ಡಿನಾಂಡ್ ಕಿಟೆಲ್ ಜರ್ಮನಿಯ ಉತ್ತರ ಕರಾವಳಿ ಕಡೆಯ ರೆಸ್ಟರ್‌ಹಾಫೆ ಎಂಬ ಊರಿನವರು. ತಂದೆಯೂ ಪಾದ್ರಿ. ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಇಲ್ಲಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಪದ ಹೆಕ್ಕುವುದಕ್ಕಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಹೀಗೆ ಹಲವು ಕಡೆ ಇದ್ದರು. ಆದರೆ ಅವರ ಮನಸ್ಸು ಹೆಚ್ಚು ಹೊತ್ತು ಇದ್ದದ್ದು ಓಲೆಗರಿಗಳಲ್ಲಿ, ಜನರ ಗಾದೆಗಳಲ್ಲಿ. ಯೇಸುವಿನ ಕಥೆಯನ್ನೇ 1862ರಲ್ಲಿ ಕಥಾಮಾಲೆ ಎಂಬ ಹೆಸರಿನಲ್ಲಿ ಕನ್ನಡದ ಪದ್ಯವಾಗಿ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಅಚ್ಚಿಗೆ ತಂದರು. ಅವರ ಮೊದಲ ಪತ್ನಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಬಳಿಕ ಪೌಲೀನ್ ಅವರ ತಂಗಿ ಜೂಲಿಯನ್ನು ಮದುವೆಯಾದರು.

ನಿಘಂಟಿಗೆ ಸುಮಾರು 20 ವರ್ಷ ಹಿಡಿಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಅದು ಹೊರಬಂದಾಗ 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಇಲ್ಲೊಂದು ಸಂಗತಿ ಗಮನಿಸಿ. ಈ ಪುಸ್ತಕದಲ್ಲಿರುವುದು ಎರಡು ಭಾಷೆ, ಕನ್ನಡ ಮತ್ತು ಇಂಗ್ಲಿಷ್. ಎರಡೂ ಅವರ ತಾಯ್ನುಡಿಯಲ್ಲ. ಮನೆಮಾತು ಜರ್ಮನ್ ಆಗಿದ್ದವರೊಬ್ಬರು ಕನ್ನಡದ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹುಡುಕುತ್ತಾ ಕೂತಿದ್ದರು! ಊರಿನ ಪಂಡಿತರ ನೆರವಿಲ್ಲದೆ ಇದು ಆಗುವ ಮಾತಲ್ಲ. ಫಾರ್ವರ್ಡುಗಳಲ್ಲಿ ಆ ಪಂಡಿತರ ಸುದ್ದಿಯೇ ಇರುವುದಿಲ್ಲ, ಅದು ನಮಗೆ ಸರಿ ಕಾಣುವುದಿಲ್ಲ.

ರೀವ್ ಅವರ ನಿಘಂಟಿಗಿಂತ ಇದು ಬೇರೆಯಾಗುವುದು ಇಲ್ಲಿ: ಕಿಟೆಲ್ ಅರ್ಥ ಕೊಟ್ಟು ಸುಮ್ಮನಾಗುವುದಿಲ್ಲ. ಆ ಪದ ಯಾವ ಗ್ರಂಥದಲ್ಲಿ ಸಿಕ್ಕಿತು, ಮೈಸೂರು ಸೀಮೆಯ ಬಳಕೆಯೋ ದಕ್ಷಿಣ ಮರಾಠಾ ಸೀಮೆಯದೋ ಎಂದು ಸಂಕ್ಷೇಪಾಕ್ಷರಗಳಲ್ಲಿ ಹೇಳುತ್ತಾರೆ. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು ಎಂದು ತೋರಿಸುತ್ತಾರೆ. ಸಾಧ್ಯವಿದ್ದಲ್ಲಿ ಒಂದು ಗಾದೆಯನ್ನೂ ಸೇರಿಸುತ್ತಾರೆ. ಸಂಸ್ಕೃತದಿಂದ ಕನ್ನಡಕ್ಕೆ ಪದಗಳು ಬಂದಿವೆ ಎಂಬುದು ಎಲ್ಲರಿಗೂ ಗೊತ್ತು. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಉದ್ದ ಪಟ್ಟಿಯನ್ನೇ ಅವರು ಮುನ್ನುಡಿಯಲ್ಲಿ ಕೊಟ್ಟರು.

ಉತ್ತರ ಬೆಂಗಳೂರಿನವರಿಗೆ ಇದರಿಂದ ಏನು ಉಪಯೋಗ ಎಂದು ಕೇಳಬಹುದು. ನೀವು ದಿನಾ ಸಿಕ್ಕಿಹಾಕಿಕೊಳ್ಳುವ ಹೆಬ್ಬಾಳವನ್ನೇ ತೆಗೆದುಕೊಳ್ಳಿ. ಬಾಳು, ಬಾಳೆ, ಬಲ ಎಂದು ಏನಕ್ಕೆ ಬೇಕಾದರೂ ಗಂಟು ಹಾಕಬಹುದಾದ ಹೆಸರು. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಊರು ಕಾಯುತ್ತಾ ಸತ್ತ ಕಿತ್ತಯ್ಯನಿಗಾಗಿ ನಿಲ್ಲಿಸಿದ ಕಲ್ಲು. (ಕಿತ್ತಯ್ಯನಿಗೂ ಕಿಟೆಲ್‌ಗೂ ಸಂಬಂಧವಿಲ್ಲ. ದಯವಿಟ್ಟು ಹಾಗೊಂದು ಫಾರ್ವರ್ಡ್ ಶುರು ಮಾಡಬೇಡಿ!) ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು ಎಂದಿದೆ. ಹಳಗನ್ನಡದಲ್ಲಿ ಪೆರ್ ಅಂದರೆ ದೊಡ್ಡದು, ಪೊಳಲ್ ಅಂದರೆ ಪಟ್ಟಣ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೆಯೇ ಪೆರ್ಬೊಳಲ್ ಹೆಬ್ಬಾಳವಾಯಿತು. ಅಂದರೆ ದೊಡ್ಡ ಪಟ್ಟಣ. ಈ ಕಲ್ಲು ಕಣ್ಣಿಗೆ ಬೀಳುವ ಹೊತ್ತಿಗೆ ಕಿಟೆಲ್ ತೀರಿಕೊಂಡು 115 ವರ್ಷವಾಗಿತ್ತು. ಆದರೂ ಇಂಥ ಕಲ್ಲಿನ ಪದಗಳಿಗೆ ಅರ್ಥ ಬೇಕಾದಾಗ ಈಗಲೂ ಅವರ ನಿಘಂಟು ತೆರೆಯುವವರಿದ್ದಾರೆ.

ಬೆಂದ ಕಾಳೂರು ಕಥೆಯೂ ಹೀಗೆಯೇ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟಳು ಎಂದು ಎಲ್ಲರೂ ಹಂಚುತ್ತಾರೆ. ಬೇಗೂರಿನ ಶಾಸನದಲ್ಲಿ ಬೆಂಗಳೂರು ಎಂಬ ಹೆಸರು ಸುಮಾರು ಕ್ರಿ.ಶ. 890ರಲ್ಲೇ ಇದೆ, ಆ ಬಲ್ಲಾಳ ಹುಟ್ಟುವುದಕ್ಕೂ ಎಷ್ಟೋ ಮೊದಲು.

ನಿಘಂಟು ಅಚ್ಚಾಗುವ ಹೊತ್ತಿಗೆ ಕಿಟೆಲ್ ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಲ್ಲಿಗೂ ಕೆಲಸ ನಿಲ್ಲಿಸಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು. ಬೆಂಗಳೂರಿನ ಆಸ್ಟಿನ್ ಟೌನಿಗೆ ಅವರ ಹೆಸರಿಟ್ಟಿದ್ದಾರೆ, ಎಂ.ಜಿ. ರಸ್ತೆಯ ಕೊನೆಯಲ್ಲಿ ಪ್ರತಿಮೆಯೂ ಇದೆ.

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದೆ. 1894ರ ಮೂಲ ಪುಸ್ತಕ ಸ್ಕ್ಯಾನ್ ಆಗಿ ಫೋನಿನಲ್ಲೇ ಉಚಿತವಾಗಿ ಸಿಗುತ್ತದೆ. ಒಂದು ಕಿವಿಮಾತು: ಹಕಾರದ ಪದಕ್ಕೆ ಅಲ್ಲಿ ಪೂರ್ತಿ ವಿವರ ಸಿಗದಿದ್ದರೆ, ಪಕಾರದ ಪುಟ ತಿರುವಿ ನೋಡಿ.