ಕೇಡಗಾಂವದ ಪಂಡಿತೆ: ಪುರಾಣದಿಂದ ಬೈಬಲ್ಲಿನವರೆಗೆ

ಸೊಲ್ಲಾಪುರದಾಗ ಪುಣೆ ಗಾಡಿ ಹತ್ತಿದವರು ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸ್ಟೇಶನ್ ನೋಡಿರುತ್ತಾರೆ. ನಮ್ಮ ಸಲಗರ ಬುದ್ರುಕದಿಂದ ತೊಗರಿ, ಜೋಳದ ವ್ಯವಹಾರಕ್ಕೆ ಆ ದಾರಿಯಲ್ಲಿ ಓಡಾಡುವವರ ಪೈಕಿ ನಾನೂ ಒಬ್ಬ. ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಅಲ್ಲಿ ಐತಿ ಅನ್ನೋದು ಬಹಳ ಮಂದಿಗೆ ಗೊತ್ತು. ಆದರೆ ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ ಎಂಬುದು ಗೊತ್ತಿರುವವರು ಕಡಿಮೆ. ನಾನು ಕ್ರೈಸ್ತನಲ್ಲ. ಆದರೂ ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥವರು ತಿಳಿಯಬೇಕಾದ ಸಂಗತಿ ಅವರ ಬಾಳಿನಲ್ಲಿದೆ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಚಿತ್ಪಾವನರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಸ್ವಜನರ ವಿರೋಧ ಕಟ್ಟಿಕೊಂಡಿದ್ದರು. ಮುಂದೆ ಮನೆಮಂದಿಯೆಲ್ಲ ಊರೂರು ತಿರುಗಿ ಪುರಾಣ ಹೇಳಿ ಹೊಟ್ಟೆ ಹೊರೆದರು. ಓದುವುದು ಸಂಸ್ಕೃತ. ಕೇಳುವವರು ಹೂ, ಹಣ್ಣು, ಕಾಸು, ಕಾಳು ಇಟ್ಟು ಕೈಮುಗಿದು ಹೋಗೋರು. ತಿಳೀತೋ ಇಲ್ಲೋ ಯಾರೂ ಕೇಳುತ್ತಿರಲಿಲ್ಲ.

1874ರ ಸುಮಾರಿಗೆ ಮದ್ರಾಸ್ ಪ್ರಾಂತದ ಬರದಾಗ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ನಡೆಯುತ್ತ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಕ್ರೈಸ್ತರು ಕೈಗೆ ಒಂದು ಸಂಸ್ಕೃತ ಬೈಬಲ್ ಇಟ್ಟರು. ಸಾವಿರಾರು ಶ್ಲೋಕ ಬಾಯಿಪಾಠ ಇದ್ದ ಪಂಡಿತೆಗೆ ಆ ಸಂಸ್ಕೃತ ಒಗ್ಗಲಿಲ್ಲ. ಓದುವುದು ವ್ಯರ್ಥ ಅನಿಸಿ ಬಿಟ್ಟರು.

1880ರಲ್ಲಿ ಜಾತಿ ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಇದು ಮಂದಿ ಆಡುವ ಭಾಷೆಯಲ್ಲಿತ್ತು, ಮನಸ್ಸಿಗೆ ಹತ್ತಿತು. 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದ. ಎಳೆಯ ಮಗಳು ಮನೋರಮಾಳನ್ನು ಕಟ್ಟಿಕೊಂಡು ಪುಣೆಗೆ, ಮುಂದೆ 1883ರಲ್ಲಿ ಇಂಗ್ಲೆಂಡಿಗೆ ಹೋದರು.

ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜ ಹೊರಹಾಕಿದ ಹೆಂಗಸರನ್ನು ಕ್ರೈಸ್ತ ಸೋದರಿಯರು ಸಾಕಿ ಸಲಹುವುದನ್ನು ಕಂಡರು. ಇಂಥವರ ಮೇಲೆ ಇಷ್ಟು ಮಮತೆ ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಒಬ್ಬ ಸೋದರಿ ವಾದಕ್ಕೆ ಇಳಿಯಲಿಲ್ಲ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ ಓದಿದಳು. ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸನ್ನು ನೀರು ಕೇಳುವ ಕಥೆ ಅದು. ಅವಳ ಕುಲದವರ ಜೊತೆ ಯೆಹೂದ್ಯರಿಗೆ ಬಳಕೆ ಇರಲಿಲ್ಲ. ಕೇರಿಗೊಂದು ಬಾವಿ ಕಂಡ ನಮಗೆ ಆ ಕಥೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ಯಾರಿಗೂ ಧರ್ಮದ ಒತ್ತಾಯ ಇಲ್ಲ ಎಂಬ ನಿಯಮವಿತ್ತು. ಆದರೆ ರಮಾಬಾಯಿ ಬಾಗಿಲು ತೆರೆದಿಟ್ಟು ಬೈಬಲ್ ಓದಿ ಪ್ರಾರ್ಥಿಸುವಾಗ ಹುಡುಗಿಯರೂ ಬಂದು ಕೂರತೊಡಗಿದರು. 1893ರಲ್ಲಿ ಗದ್ದಲವೆದ್ದಿತು. ತಿಲಕರ ಕೇಸರಿ ಪತ್ರಿಕೆ ಟೀಕಿಸಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ದೂರ ಸರಿದರು. ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರ ಅಂಜಿಕೆ ಸುಳ್ಳಲ್ಲ. ಆಶ್ರಯ ಕೊಟ್ಟ ಕೈಯಲ್ಲೇ ಗ್ರಂಥವೂ ಇದ್ದರೆ, ದಿಕ್ಕಿಲ್ಲದ ಮಗು ಬೇಡ ಅನ್ನೋದು ಕಷ್ಟ. ಆದರೆ ತನ್ನ ನಂಬಿಕೆಯನ್ನು ಬಾಗಿಲು ಹಾಕಿಕೊಂಡು ಬಚ್ಚಿಡು ಎನ್ನುವುದೂ ರಮಾಬಾಯಿಯವರಿಗೆ ಒಪ್ಪಿಗೆಯಾಗಲಿಲ್ಲ.

1896-97ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಕೇಡಗಾಂವದ ಹೊಲದಲ್ಲಿ ಮುಕ್ತಿ ಬೆಳೆಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಉಣ್ಣುವ ಬಾಯಿ ಎರಡು ಸಾವಿರದ ಹತ್ತಿರ. ಓದು ಕಲಿತ ಹೆಂಗಸರು ಗುಂಪುಗೂಡಿ ಸುತ್ತಲ ಹಳ್ಳಿಗಳಿಗೆ ಹೋಗಿ ಸುವಾರ್ತೆಯ ಭಾಗಗಳನ್ನು ಓದಿ ಹೇಳುತ್ತಿದ್ದರು. ಆಗಿದ್ದ ಮರಾಠಿ ಬೈಬಲ್ ಇಂಥವರಿಗೆ ಬಿಗಿ ಎಂದು ರಮಾಬಾಯಿ ತಾವೇ ಹಿಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಇಳಿಸಲು ಕೂತರು. ಮೊಳೆ ಜೋಡಿಸಿ ಅಚ್ಚು ಹಾಕಿದವರೂ ಮುಕ್ತಿಯ ಹೆಂಗಸರೇ.

1912ರ ಸುಮಾರಿಗೆ ತಾಯಿ, ಮಗಳು ಕೂಡಿ ನಿಜಾಮರ ಸೀಮೆಯ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯೊಂದನ್ನು ತೆರೆದರು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ಮಗಳನ್ನು ಕಳಕೊಂಡ ದುಃಖದಲ್ಲೂ ಕರಡು ತಿದ್ದುವುದನ್ನು ರಮಾಬಾಯಿ ಬಿಡಲಿಲ್ಲ. ಅನುವಾದ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣುಮುಚ್ಚಿದರು.

ಅವರ ಮತ ನಮಗೆ ಒಪ್ಪಿಗೆ ಇರಲಿ, ಬಿಡಲಿ. ಪುರಾಣಿಕರ ಮಗಳು ಕೇಳುವವರಿಗೆ ತಿಳಿಯದ ಗ್ರಂಥ ಓದಿ ಕಾಳು ಪಡೆದವಳು. ಕಡೆಗಾಲದಲ್ಲಿ ತಿಳಿಯುವ ಹಾಗೆ ಹೇಳುವುದಕ್ಕೆ ಹದಿನೈದು ವರ್ಷಕ್ಕೂ ಮಿಕ್ಕಿ ದುಡಿದಳು. ಮನೆಯಲ್ಲೊಂದು, ಕಚೇರಿಯಲ್ಲೊಂದು ಭಾಷೆ ಆಡುವ ಗಡಿಯವರಿಗೆ ಅದರ ಬೆಲೆ ಗೊತ್ತು. ಕೇಳಿದ ಮಾತು ತಿಳಿದರೆ ತಾನೇ ಹೌದು ಅನ್ನೋದಕ್ಕೂ ಅಲ್ಲ ಅನ್ನೋದಕ್ಕೂ ಬರೋದು?