ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮರು

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಈ ಊರಿನ ಹೆಸರನ್ನು ಶರಣಸಾಹಿತ್ಯದಲ್ಲಿ ಚಿರಸ್ಥಾಯಿಯಾಗಿಸಿದ ಮಹಾನುಭಾವರು 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು. ಭಗವಂತನೊಡನೆ ಮಾನವನ ಸಂಬಂಧ ಎಷ್ಟು ಆತ್ಮೀಯವಾಗಿರಬಲ್ಲದು, ಆ ಆತ್ಮೀಯತೆ ಹೇಗೆ ಬೆಳೆದು ಪಕ್ವವಾಗಬೇಕು ಎಂಬುದಕ್ಕೆ ಅವರ ಜೀವನವೇ ನಿದರ್ಶನ.

ಸಿದ್ಧರಾಮರ ಚರಿತ್ರೆಯನ್ನು ಮೊದಲು ಕಾವ್ಯವಾಗಿಸಿದವನು 13ನೆಯ ಶತಮಾನದ ಕವಿ ರಾಘವಾಂಕ. ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ, ಒಕ್ಕಲುತನದ ಮನೆ. ಬಾಲಕ ಮಿತಭಾಷಿ, ಅಂತರ್ಮುಖಿ. ಲೋಕದ ಕಣ್ಣಿಗೆ ಮಂಕನಂತೆ ತೋರುತ್ತಿದ್ದ ಅವನು ದನಕರುಗಳನ್ನು ಕಾಯುತ್ತ ಹೊಲದಲ್ಲಿರುವಾಗ ಜಂಗಮನೊಬ್ಬ ಬಂದು ತನ್ನ ಹೆಸರು ಮಲ್ಲಯ್ಯ ಎಂದನಂತೆ. ಬಾಲಕ ಅವನಿಗೆ ನವಣೆಯ ತೆನೆಯನ್ನು ನೀಡಿದ. ಅತಿಥಿ ಮಜ್ಜಿಗೆಯನ್ನವನ್ನು ಬಯಸಲು ಮನೆಗೆ ಓಡಿದ. ಬುತ್ತಿ ಹೊತ್ತು ಮರಳಿದಾಗ ಮಲ್ಲಯ್ಯನಿರಲಿಲ್ಲ.

ಹಸಿದವನು ಉಣ್ಣದೆ ಹೋದನಲ್ಲಾ ಎಂಬ ಸಂಕಟದಿಂದ ಬಾಲಕ ಅವನ ಹೆಸರು ಹಿಡಿದು ಕೂಗುತ್ತ ಅಲೆದ. ಶ್ರೀಶೈಲ ಯಾತ್ರಿಕರು ಮಲ್ಲಯ್ಯನನ್ನು ತೋರಿಸುವೆವೆಂದು ಜೊತೆಗೆ ಕರೆದೊಯ್ದರು. ಗರ್ಭಗುಡಿಯ ಲಿಂಗವನ್ನು ತೋರಿಸಿದಾಗ ಅವನಿಗೆ ಸಮಾಧಾನವಾಗಲಿಲ್ಲ. ಅವನಿಗೆ ಬೇಕಾಗಿದ್ದವನು ಹೊಲದಲ್ಲಿ ಎದುರು ನಿಂತು ಮಾತನಾಡಿದ ಮಲ್ಲಯ್ಯ. ಕಾಡು ಬೆಟ್ಟಗಳಲ್ಲಿ ಹುಡುಕಿ ಬಳಲಿ, ಕಡೆಗೆ ಕಮರಿಗೆ ಧುಮುಕಲು ಮುಂದಾದಾಗ ಮಲ್ಲಿಕಾರ್ಜುನನೇ ಕೈಹಿಡಿದನೆಂದು ಕಾವ್ಯ ಹೇಳುತ್ತದೆ. ಅವನ ಹಂಬಲದಲ್ಲಿ ಐಶ್ವರ್ಯದ ಬೇಡಿಕೆಯಿರಲಿಲ್ಲ, ಸ್ವರ್ಗದ ಆಸೆಯಿರಲಿಲ್ಲ. ದೇವರ ಹಸಿವಿಗಾಗಿ ಮರುಗಿದ ಮುಗ್ಧ ಹೃದಯವೊಂದಿತ್ತು.

ಸೊನ್ನಲಿಗೆಗೆ ಮರಳಿದ ಸಿದ್ಧರಾಮರು ಆ ಪ್ರೀತಿಯನ್ನು ತಮ್ಮೊಳಗೇ ಬಚ್ಚಿಟ್ಟುಕೊಳ್ಳಲಿಲ್ಲ. ದೇಗುಲ ಕಟ್ಟಿಸಿದರು, ಲಿಂಗಗಳನ್ನು ಸ್ಥಾಪಿಸಿದರು, ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಜನರನ್ನು ಕೂಡಿಸಿ ಕೆರೆ ತೋಡಿಸಿದರು. ಮಲ್ಲಯ್ಯನಿಗೆ ಬುತ್ತಿ ತಂದ ಕೈಗಳೇ ನಾಡಿನ ಬಾಯಾರಿಕೆಗೆ ನೀರನ್ನು ಒದಗಿಸಿದವು.

ಆದರೆ ಸಾಧಕನ ಹಾದಿ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಈ ಕಾರ್ಯಗಳನ್ನೇ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ನಿರೂಪಿಸುತ್ತದೆ. ನಾನು ಮಾಡಿದೆನೆಂಬ ಭಾವ ಉಳಿದಿರುವಾಗ ಕೆರೆ ದೇಗುಲಗಳೂ ಬಂಧನವಾಗಬಲ್ಲವೆಂಬುದು ಪ್ರಭುಗಳ ನಿಲುವು. ಸಹಸ್ರಾರು ಜನರ ಗೌರವಕ್ಕೆ ಪಾತ್ರರಾಗಿದ್ದವರಿಗೆ ಇದು ಕಠಿಣ ಪರೀಕ್ಷೆ. ಸಿದ್ಧರಾಮರು ಮೊದಲು ಕೋಪಗೊಂಡರು, ಬಳಿಕ ತಲೆಬಾಗಿದರು. ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿ, ಅನುಭವ ಮಂಟಪದ ಶರಣರ ಸಂಗದಲ್ಲಿ ಬೆರೆತು, ಚನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಶ್ರೀಶೈಲದ ಬೆಟ್ಟದಲ್ಲಿ ಹುಡುಕಿದ ಮಲ್ಲಯ್ಯನನ್ನು ಅಂಗೈಯಲ್ಲಿ, ಅಂತರಂಗದಲ್ಲಿ ಕಂಡರು. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರು ರಚಿಸಿದ ಸಾವಿರಕ್ಕೂ ಮಿಗಿಲಾದ ವಚನಗಳು ನಮಗೆ ದೊರೆತಿವೆ. ಬಾಲ್ಯದ ಆ ಹೆಸರನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಮುಂದೆ ಸೊನ್ನಲಿಗೆಗೆ ಮರಳಿ ಅಲ್ಲಿಯೇ ಅವರು ಸಮಾಧಿಸ್ಥರಾದರು. ಕೆರೆಯ ನೀರಿನ ನಡುವೆ ಶೋಭಿಸುವ ಸಿದ್ಧೇಶ್ವರ ದೇವಾಲಯದಲ್ಲಿ ಅವರ ಗದ್ದುಗೆಯಿದೆ. ಪ್ರತಿವರ್ಷ ಮಕರ ಸಂಕ್ರಾಂತಿಯ ವೇಳೆಗೆ ಏಳು ನಂದಿಕೋಲುಗಳ ಮೆರವಣಿಗೆಯೊಂದಿಗೆ ಗಡ್ಡಾ ಜಾತ್ರೆ ಜರುಗುತ್ತದೆ. ಕನ್ನಡ ಮರಾಠಿ ತೆಲುಗು ಮಾತನಾಡುವವರೆಲ್ಲ ಒಂದಾಗಿ ಸೇರುತ್ತಾರೆ. ಈ ಊರಿನವರೇ ಆದ ಜಯದೇವಿತಾಯಿ ಲಿಗಾಡೆ (1912–1986) ಅವರು ಸಿದ್ಧರಾಮರ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ರಚಿಸಿದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಪ್ರಥಮ ಮಹಿಳೆಯೂ ಅವರೇ.

ದೇವರನ್ನು ಹೆಸರು ಹಿಡಿದು ಕರೆಯುವ ಸಲಿಗೆ, ಆ ಸಲಿಗೆಯನ್ನು ಜನಸೇವೆಯಾಗಿಸುವ ಔದಾರ್ಯ, ಮಾಡಿದ ಸೇವೆಯ ಹಮ್ಮನ್ನೂ ಆತನ ಪಾದಕ್ಕೆ ಒಪ್ಪಿಸುವ ವಿನಯ: ಈ ಮೂರೂ ಮೆಟ್ಟಿಲುಗಳನ್ನು ಸಿದ್ಧರಾಮರು ಏರಿದರು. ಐವತ್ತು ವಸಂತಗಳನ್ನು ಪೂರೈಸಿದ ನಮ್ಮ ಶಾಲೆಯ ಮಕ್ಕಳು ಮೊದಲ ಮೆಟ್ಟಿಲನ್ನು ಸಹಜವಾಗಿಯೇ ಬಲ್ಲರು. ಉಳಿದೆರಡನ್ನು ನಡೆದು ತೋರಿಸುವ ಹೊಣೆ ಹಿರಿಯರಾದ ನಮ್ಮೆಲ್ಲರದು.