ಇಂದಿನ ಚಿಂತನೆ: ನಸ್ರೀನ್ ಎಳೆದ ಗೆರೆ

 

ಈ ವಾರ ಬರೆಯುವ ಸರದಿ ನನ್ನದು. ಒಂದು ಜಾತಕ ಕಥೆ ಹೇಳೋಣ ಎಂದುಕೊಂಡಿದ್ದೆ. ಆದರೆ ಮೊನ್ನೆ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಫೋನಿನಲ್ಲಿ ತೋರಿಸಿದ ಒಂದು ಚಿತ್ರ ತಲೆಯಿಂದ ಇಳಿಯುತ್ತಿಲ್ಲ. ಕಾಗದದ ಮೇಲೆ ಪೆನ್ಸಿಲ್ಲು, ಶಾಯಿಯ ಸಣ್ಣ ಸಣ್ಣ ಗೆರೆಗಳು. ಅಷ್ಟೇ. ಮನುಷ್ಯರಿಲ್ಲ, ಮರವಿಲ್ಲ, ಬಣ್ಣವೂ ಇಲ್ಲ. ಇದರಲ್ಲೇನಿದೆ ಸಾರ್, ನಮ್ಮ ಎಂಟನೇ ತರಗತಿ ಮಕ್ಕಳೂ ಸ್ಕೇಲಿಟ್ಟು ಎಳೀತಾರೆ ಎಂದೆ. ಅವರು ವಾದಕ್ಕೆ ಬರಲಿಲ್ಲ. ಎಳೆದವರ ಕೈಯ ವಿಚಾರ ಹೇಳಿದರು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ನಸ್ರೀನ್ ಮೊಹಮದಿ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. ತಾಯಿ ತೀರಿಕೊಂಡಾಗ ಅವರಿನ್ನೂ ಪುಟ್ಟ ಮಗು. ದೇಶ ಇಬ್ಭಾಗವಾಗುವ ಮೊದಲೇ ಮನೆಯವರು ಮುಂಬೈಗೆ ಬಂದರು. ತಂದೆಗೆ ಬಹ್ರೇನಿನಲ್ಲಿ ಫೋಟೋಗ್ರಫಿ ಸಾಮಾನಿನ ಅಂಗಡಿಯಿತ್ತು. ಲಂಡನ್ನಿನಲ್ಲಿ ಓದು, ಮುಂದೆ ಪ್ಯಾರಿಸ್ಸಿನಲ್ಲಿ ಒಂದಷ್ಟು ಕಾಲ. ನಡುವೆ ಮುಂಬೈಯ ಭೂಲಾಭಾಯಿ ಇನ್‌ಸ್ಟಿಟ್ಯೂಟಿನಲ್ಲಿ ಗಾಯತೊಂಡೆಯವರಂಥ ಹಿರಿಯರ ಒಡನಾಟ. ಝೆನ್ ಕಡೆಗೆ ಒಲವಿದ್ದ ಗಾಯತೊಂಡೆಯವರ ಹೆಸರು ನಮ್ಮಲ್ಲಿ ಕೆಲವರು ಕೇಳಿರಬಹುದು. 1972ರಿಂದ ನಸ್ರೀನ್ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲೆ ಕಲಿಸಿದರು. ಅವರೂ ಟೀಚರ್ರೇ ಎಂದು ತಿಳಿದು, ಯಾಕೋ, ಖುಷಿಯಾಯಿತು.

ಮೊದಮೊದಲ ಚಿತ್ರಗಳಲ್ಲಿ ಗಿಡ, ಕೊಂಬೆ, ನೀರು ಎಂದು ಗುರುತು ಹಿಡಿಯುವಂಥದು ಏನಾದರೂ ಇರುತ್ತಿತ್ತು. ಎಪ್ಪತ್ತರ ದಶಕಕ್ಕೆ ಬರುವಾಗ ಅದೆಲ್ಲ ಉದುರಿ ಗೆರೆಗಳಷ್ಟೇ ಉಳಿದವು. ಹಾಗೆಂದು ಊರು, ನೆನಪು ಬಿಟ್ಟುಹೋಗಲಿಲ್ಲ. ಬಹ್ರೇನಿನ ಮರಳು, ಅಲಿಬಾಗ್ ಹತ್ತಿರದ ಕಿಹೀಮಿನ ಕಡಲು, ಫತೇಪುರ್ ಸಿಕ್ರಿಯ ಕಲ್ಲಿನ ಅಂಗಳ, ಮಗ್ಗಕ್ಕೆ ಹಾಸಿದ ನೂಲು ಇವನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಆ ಫೋಟೋಗಳನ್ನು ಬದುಕಿದ್ದಾಗ ಪ್ರದರ್ಶನಕ್ಕಿಡಲಿಲ್ಲ. ಚಿತ್ರಗಳಿಗೆ ಹೆಸರಿಡಲಿಲ್ಲ, ಬಹುಪಾಲಿಗೆ ತಾರೀಕನ್ನೂ ಹಾಕಲಿಲ್ಲ. ನಮ್ಮ ಸ್ಟಾಫ್ ರೂಮಿನ ಗೋಡೆಯ ಭೂಪಟದಿಂದ ಊರಿನ ಹೆಸರುಗಳನ್ನೆಲ್ಲ ಅಳಿಸಿಬಿಟ್ಟರೆ ದೂರ, ಹತ್ತಿರ, ಏರು, ಇಳಿವು ಉಳಿಯುತ್ತವಲ್ಲ, ಇವು ನನಗೆ ಹಾಗೆ ಕಾಣುತ್ತವೆ. ಯಾವುದು ಮರಳಿನ ನೆನಪು, ಯಾವುದು ಅಲೆಯದು ಎಂದು ಬೆರಳಿಟ್ಟು ತೋರಿಸಲಾಗದು. ನೋಡುತ್ತ ಕೂತರೆ ಮಾತ್ರ ಎದೆಯಲ್ಲಿ ಏನೋ ಅಲುಗುತ್ತದೆ.

ಇಲ್ಲೊಂದು ಮಾತು. ಮೌನವಾಗಿರುವುದನ್ನೆಲ್ಲ ಧ್ಯಾನ ಎಂದುಬಿಡುವ ಚಾಳಿ ನಮ್ಮ ಬಳಗಕ್ಕಿದೆ, ನನಗೂ ಇದೆ. ನಸ್ರೀನ್ ಶಾಂತವಾಗಿ ಕೂತು ಶಾಂತವಾದ ಗೆರೆ ಎಳೆದರು ಎಂದುಕೊಂಡರೆ ತಪ್ಪಾದೀತು. ಅವರ ಡೈರಿಗಳ ತುಂಬ ಒಂಟಿತನವಿದೆ, ತಳಮಳವಿದೆ. ಬರೆದ ಸಾಲುಗಳ ಮೇಲೆಯೇ ಶಾಯಿ ಎಳೆದು ಮುಚ್ಚಿದ ಪುಟಗಳಿವೆ. ಮುಚ್ಚಿದ ಆ ಪಟ್ಟಿಗಳೂ ಒಂದು ಚಿತ್ರದಂತೆಯೇ ಕಾಣುತ್ತವೆ.

ಇನ್ನು ಕೈಯ ವಿಚಾರ. ಅವರ ಮನೆತನದಲ್ಲಿ ನರಗಳ ಕಾಯಿಲೆಯೊಂದಿತ್ತು. ಮೈಯ ಮೇಲಿನ ಹಿಡಿತವನ್ನು ಮೆಲ್ಲಮೆಲ್ಲಗೆ ಕಸಿಯುವಂಥದು. ನಸ್ರೀನರಿಗೂ ಬಂತು. ಅವರು ಬಳಸುತ್ತಿದ್ದುದು ಎಂಜಿನಿಯರುಗಳು ನಕ್ಷೆ ಬರೆಯುವ ಸಲಕರಣೆ. ಆ ಪೆನ್ನಿನ ಎರಡು ಅಲಗುಗಳ ನಡುವೆ ಶಾಯಿ ನಿಂತಿರುತ್ತದೆ. ಕೈ ಒಂದಿಷ್ಟು ಒತ್ತಿದರೆ ಗೆರೆ ದಪ್ಪ, ಒಂದು ಗಳಿಗೆ ತಡೆದರೆ ಮಸಿ ಗುಡ್ಡೆ. ಸ್ಥಿರವಾದ ಕೈಗೇ ಅದು ಕಷ್ಟ. ನಡೆಯುವುದು, ಹಿಡಿಯುವುದು ಎಲ್ಲ ತ್ರಾಸವಾದ ಎಂಬತ್ತರ ದಶಕದಲ್ಲೂ ಅವರು ಎಳೆದರು. ಹಿಂದಿನ ಒತ್ತೊತ್ತಾದ ಗೆರೆಗಳು ಹೋಗಿ, ಖಾಲಿ ಹಾಳೆಯಲ್ಲಿ ತೇಲುವ ಕೆಲವೇ ಓರೆಗೆರೆ, ಒಂದೆರಡು ಕಮಾನು. ಒಂದೂ ನಡುಗಿಲ್ಲ.

1990ರಲ್ಲಿ ಕಿಹೀಮಿನಲ್ಲೇ, ಆ ಕಡಲ ಬಳಿಯೇ ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಮ್ಯೂಸಿಯಂ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು.

ನನ್ನ ಅಮ್ಮನಿಗೂ ಮೂರು ವರ್ಷದಿಂದ ಕೈ ನಡುಕ. ಹದಿನೈದು ಚುಕ್ಕಿಯ ರಂಗೋಲಿಯನ್ನು ಕಣ್ಮುಚ್ಚಿ ಬಿಡಿಸುತ್ತಿದ್ದವರು. ಗೆರೆ ಸೊಟ್ಟಗಾಗುತ್ತಿರುವುದನ್ನು ನೋಡಲಾರದೆ ಕಳೆದ ದೀಪಾವಳಿಗೆ ನಾನೇ ಹೊಸ್ತಿಲ ಮುಂದೆ ರಂಗೋಲಿ ಸ್ಟಿಕ್ಕರ್ ಅಂಟಿಸಿದೆ. ಅಮ್ಮ ಏನೂ ಅನ್ನಲಿಲ್ಲ. ಅವರಿಗೆ ಶ್ರಮ ತಪ್ಪಿತು ಅಂದುಕೊಂಡಿದ್ದೆ. ನೋಡಲಾಗದೆ ಇದ್ದದ್ದು ನನಗೆ.

ನಿನ್ನೆ ಸಂಜೆ ಅದನ್ನು ಕಿತ್ತೆ. ಅಂಟು ಅರ್ಧ ನೆಲದಲ್ಲೇ ಉಳಿದಿದೆ, ಸೀಮೆಎಣ್ಣೆ ಹಾಕಿ ಉಜ್ಜಬೇಕು. ರಂಗೋಲಿ ಪುಡಿಯ ಡಬ್ಬಿ ಎಲ್ಲಿದೆಯೋ, ಅಮ್ಮನನ್ನೇ ಕೇಳಬೇಕು.